ಕುಳ್ಳರ ಕಲ್ಮನೆ ಹುಡುಕಿಕೊಂಡು ನಾಲ್ಕು ದಿನ

ಅಕ್ಕನ ಮಗನಿಗೆ ಹದಿಮೂರು ವರ್ಷ. ಅವನೂ ಅವನ ಮೂವರು ಗೆಳೆಯರೂ ಸೇರಿ ಒಂದು ಆಟ ಕಟ್ಟುತ್ತಿದ್ದಾರೆ. ದಾಳ ಉರುಳಿಸಿ, ಸರದಿಯಂತೆ ಕಥೆ ಮುಂದುವರಿಸುವ ಆಟ. ರಾಜ, ಮಾಟಗಾತಿ, ಡ್ರ್ಯಾಗನ್ ಎಲ್ಲರೂ ಇರುವ ಒಂದು ಕಲ್ಪಿತ ಲೋಕ. ಆ ಲೋಕದ ಸ್ಥಪತಿ ನಮ್ಮವನೇ. ಕಳೆದ ದೀಪಾವಳಿಗೆ ಅವರ ಮನೆಗೆ ಹೋದಾಗ ಚಿತ್ರದ ಪುಸ್ತಕ ತಂದು ತೋರಿಸಿದ: ಬೆಟ್ಟದ ಹೊಟ್ಟೆಯೊಳಗೆ ಕುಳ್ಳರು ಕಡೆದ ಮಹಾದೇವಾಲಯ. ಸಾಲುಗಂಬಗಳು, ಕರಗಿದ ಕಬ್ಬಿಣ ಹರಿಯುವ ಕಾಲುವೆ, ನೂರಡಿ ಎತ್ತರದ ಬಾಗಿಲು.

"ಮೂರಡಿ ಮನುಷ್ಯರಿಗೆ ನೂರಡಿ ಬಾಗಿಲು ಯಾತಕ್ಕೋ?" ಎಂದೆ.

"ದೇವಸ್ಥಾನ ಎಂದಮೇಲೆ ದೊಡ್ಡದಿರಬೇಕಲ್ಲ ಮಾಮಾ."

"ನಮ್ಮ ಕಡೆಯ ಕುಳ್ಳರು ಕಟ್ಟಿದ್ದನ್ನು ನೀನು ನೋಡಿಲ್ಲ ಬಿಡು."

ಆ ಮಾತು ಬಾಯಿಂದ ಬಿದ್ದದ್ದೇ ತಪ್ಪಾಯಿತು. ಆಮೇಲೆ ಫೋನ್ ಮಾಡಿದಾಗಲೆಲ್ಲ ಅದೇ ಪ್ರಶ್ನೆ, ಯಾವಾಗ ಹೋಗುವುದು? ಡಿಸೆಂಬರ್ ಕೊನೆಯ ವಾರ, ಅವನ ಕ್ರಿಸ್‌ಮಸ್ ರಜೆಯಲ್ಲಿ, ಒಂದು ರಾತ್ರಿ ಬೆಂಗಳೂರಿನಲ್ಲಿ ಗಂಗಾವತಿಯ ಬಸ್ ಹತ್ತಿದೆವು.

ಮೊದಲ ದಿನ: ಹಿರೇಬೆಣಕಲ್

ಗಂಗಾವತಿಯಲ್ಲಿ ಇಳಿದಾಗ ಇನ್ನೂ ಚಳಿ. ಬಸ್ ನಿಲ್ದಾಣದ ಎದುರು ಮಂಡಾಳು ಒಗ್ಗರಣೆ, ಬಿಸಿ ಮಿರ್ಚಿ. ಹುಡುಗ ಎರಡನೆಯ ಮಿರ್ಚಿಗೆ ಕಣ್ಣೀರು ಹಾಕಿದ, ಮೂರನೆಯದನ್ನೂ ಬಿಡಲಿಲ್ಲ. ಅಲ್ಲಿಂದ ಕೊಪ್ಪಳದ ದಾರಿಯಲ್ಲಿ ಆಟೊ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ನೆಲವಿದು, ಎಲ್ಲಿ ನೋಡಿದರೂ ಭತ್ತ. ಕೊಯ್ಲು ಮುಗಿದ ಗದ್ದೆಗಳಲ್ಲಿ ಕೂಳೆ, ರಸ್ತೆಯ ಅಂಚಿನಲ್ಲಿ ಒಣಹಾಕಿದ ಕಾಳು. ಆ ಹಸಿರು ಹಳದಿಯ ಅಂಚಿಗೇ, ಯಾರೋ ಬುಟ್ಟಿಯಲ್ಲಿ ತಂದು ಸುರಿದಂತೆ ಬಂಡೆಗಳ ಗುಡ್ಡಸಾಲು.

ಹಿರೇಬೆಣಕಲ್ ಊರಿನ ಚಹಾದಂಗಡಿಯಲ್ಲಿ ದಾರಿ ಕೇಳಿದೆವು. ಕುರಿ ಹೊಡೆದುಕೊಂಡು ಹೊರಟಿದ್ದ ಅಜ್ಜನೊಬ್ಬ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಮೊರೇರ ಮನೆಗೆ ಹೊರಟಿದ್ದೀರಾ? ನೀರು ತಂದಿದ್ದೀರೋ ಇಲ್ಲವೋ?" ಎಂದ. ಒಂದು ಲೀಟರಿನ ಬಾಟಲಿ ತೋರಿಸಿದೆ. ಅಜ್ಜ ನಕ್ಕ. ಅಂಗಡಿಯವನಿಂದ ಇನ್ನೆರಡು ಬಾಟಲಿ ಕೊಡಿಸಿ, ಕುರಿಗಳನ್ನು ಮೊಮ್ಮಗನಿಗೆ ಒಪ್ಪಿಸಿ, ನಮ್ಮ ಮುಂದೆ ನಡೆದ.

ದಾರಿ ಎನ್ನುವುದು ಅಜ್ಜನ ಕಣ್ಣಿಗೆ ಮಾತ್ರ. ನಮಗೆ ಕಂಡದ್ದು ಮುಳ್ಳುಕಂಟಿ, ಕಾಲಿಟ್ಟರೆ ಜಾರುವ ಕಲ್ಲುಪುಡಿ, ಮತ್ತೆ ಮುಳ್ಳುಕಂಟಿ. ಅರ್ಧ ದಾರಿಗೆ ನನ್ನ ಎಡಗಾಲ ಬೂಟಿನ ಅಟ್ಟೆ ಬಾಯ್ದೆರೆಯಿತು. ಅಜ್ಜ ಹೆಗಲ ಚೀಲದಿಂದ ಹಗ್ಗದ ತುಂಡು ತೆಗೆದು ಬಿಗಿಯಾಗಿ ಕಟ್ಟಿಕೊಟ್ಟ. ಆ ಕಟ್ಟು ನಾಲ್ಕು ದಿನವೂ ಬಿಚ್ಚಲಿಲ್ಲ. ನಡುವೆ ಒಂದು ಬಂಡೆಯ ಮರೆಯಲ್ಲಿ ಕೆಮ್ಮಣ್ಣಿನ ಚಿತ್ರಗಳು: ಕೈ ಕೈ ಹಿಡಿದು ಕುಣಿಯುವ ಮನುಷ್ಯರು, ಕುದುರೆ, ಜಿಂಕೆ. ಹುಡುಗ ಚಿತ್ರದ ಪುಸ್ತಕ ತೆಗೆದ. ಇನ್ನು ಬಿಟ್ಟರೆ ಇಲ್ಲೇ ಸಂಜೆಯಾಗುತ್ತದೆ ಎಂದು ಎಬ್ಬಿಸಿದೆ.

ಕೊನೆಯ ಏರು ಹತ್ತಿ ತಲೆ ಎತ್ತಿದಾಗ ಇಬ್ಬರಿಗೂ ಮಾತು ನಿಂತಿತು. ಬಯಲಿನಂಥ ಬಂಡೆಯ ಬೆನ್ನ ಮೇಲೆ ಕಲ್ಲಿನ ಮನೆಗಳ ಕೇರಿ. ನಾಲ್ಕು ಕಡೆ ನಿಲ್ಲಿಸಿದ ಚಪ್ಪಡಿ, ಮೇಲೆ ಮುಚ್ಚಿದ ಒಂದು ದೊಡ್ಡ ಚಪ್ಪಡಿ. ಗಾರೆಯಿಲ್ಲ, ಮೊಳೆಯಿಲ್ಲ. ಕೆಲವು ಮೊಣಕಾಲೆತ್ತರ, ಕೆಲವು ನನ್ನ ತಲೆಗಿಂತ ಎತ್ತರ. ಕೆಲವಕ್ಕೆ ಸೂರು ಜಾರಿದೆ, ಕೆಲವು ಒಂದು ಪಕ್ಕಕ್ಕೆ ವಾಲಿ ಇನ್ನೇನು ಮಲಗುವಂತಿವೆ. ಈ ಗುಡ್ಡದಲ್ಲಿ ಇಂಥ ಸುಮಾರು 400 ಶಿಲಾ ರಚನೆಗಳಿವೆ. ಕಾಲ ಕ್ರಿ.ಪೂ. 800ರಿಂದ 200ರ ನಡುವಿನದೆಂದು ಹೇಳುತ್ತಾರೆ, ಅಂದರೆ ಕಬ್ಬಿಣದ ಯುಗ. ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಇವುಗಳ ಬಗ್ಗೆ ಬರೆದಿದ್ದ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿತು. ಇಷ್ಟೆಲ್ಲ ಆಗಿಯೂ ಆ ಮಧ್ಯಾಹ್ನ ಇಡೀ ಗುಡ್ಡಕ್ಕೆ ನಾವು ಮೂವರೇ. ಹಂಪಿ ಇಲ್ಲಿಂದ ಬಹಳ ದೂರವೇನಲ್ಲ, ಅಲ್ಲಿ ನಿಲ್ಲಲು ಜಾಗವಿಲ್ಲ. ಅಜ್ಜನಿಗೆ ಇದು ಬೇಸರದ ಸಂಗತಿ, ನನಗೆ ಗುಟ್ಟಿನಲ್ಲಿ ಸಂತೋಷವೇ ಆಯಿತು.

ಅಜ್ಜ ಚಪ್ಪಡಿಯ ನೆರಳಿನಲ್ಲಿ ಕುಳಿತು ಕಥೆ ತೆಗೆದ. ಮೊರೇರು ಎಂದರೆ ಗೇಣುದ್ದದ ಜನ. ಗೇಣು ಎಂದರೆ ಮಾತಿಗೆ, ಮೂರು ಅಡಿ ಎಂದಿಟ್ಟುಕೊಳ್ಳಿ. ಗಟ್ಟಿಮುಟ್ಟು ಆಸಾಮಿಗಳು, ಬಂಡೆಯನ್ನು ರೊಟ್ಟಿಯಂತೆ ಮಡಚುವವರು. ಬೆಂಕಿಯ ಮಳೆ ಸುರಿಯುತ್ತದೆ ಎಂಬ ಸೂಚನೆ ಅವರಿಗೆ ಮೊದಲೇ ಸಿಕ್ಕಿತು. ಹುಲ್ಲು ಸುಡುತ್ತದೆ, ಮರ ಸುಡುತ್ತದೆ, ಕಲ್ಲು ಸುಡುವುದಿಲ್ಲವೆಂದು ಈ ಮನೆಗಳನ್ನು ಕಟ್ಟಿ ಒಳಗೆ ಸೇರಿಕೊಂಡರು.

"ಆಮೇಲೆ?"

"ಆಮೇಲೆ ಏನು ತಮ್ಮಾ, ಕಲ್ಲು ಸುಡಲಿಲ್ಲ, ಕಾಯಿತು. ಒಳಗಿದ್ದವರು ಬೆಂದರು."

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಅವನ ಆಟದಲ್ಲಿ ಕುಳ್ಳರು ಸಾಯುವುದು ಡ್ರ್ಯಾಗನ್ ಬಾಯಿಗೆ ಸಿಕ್ಕಿ. ತಾವೇ ಕಟ್ಟಿದ ಸೂರಿನ ಕೆಳಗೆ ಬೇಯುವುದು ಅವನಿಗೆ ಹೊಳೆದಿರಲಿಲ್ಲ.

ಈ ಕಥೆ ಎಲ್ಲಿಂದ ಹುಟ್ಟಿರಬೇಕು ಎನ್ನುವುದಕ್ಕೆ ನನ್ನದೊಂದು ಊಹೆ ಇದೆ. ಹಲವು ಮನೆಗಳ ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿಯೊಂದನ್ನು ಕೊರೆದಿದ್ದಾರೆ. ಅದೊಂದೇ ಬಾಗಿಲು. ಒಂದು ಕಿಂಡಿಯನ್ನು ಅಳೆದೆ, ನನ್ನ ಮೊಳಕ್ಕೆ ಎರಡು ಬೆರಳು ಹೆಚ್ಚು. ಬೆರಳಾಡಿಸಿದರೆ ಹೊರ ಅಂಚು ಉಜ್ಜಿದ ಒಳಕಲ್ಲಿನಷ್ಟು ನುಣುಪು, ಒಳ ಅಂಚು ತರಿತರಿ. ಇಷ್ಟು ಸಣ್ಣ ಬಾಗಿಲಿನಲ್ಲಿ ಹೋಗಿ ಬರುವವರು ಎಷ್ಟೆತ್ತರ ಇದ್ದಾರು? ಕಿಂಡಿ ನೋಡಿದ ಯಾವನೋ ಕುರುಬ ಮನಸ್ಸಿನಲ್ಲೇ ಲೆಕ್ಕ ಹಾಕಿ ಮೂರು ಅಡಿ ಎಂದಿರಬೇಕು. ತಿಳಿದವರ ಪ್ರಕಾರ ಇವು ವಾಸದ ಮನೆಗಳೇ ಅಲ್ಲ, ಸತ್ತವರ ನೆನಪಿಗೆ ನಿಲ್ಲಿಸಿದವು. ಒಳಗೆ ಹೋದವರು ಹೊರಗೆ ಬರುವ ಅಗತ್ಯ ಇರಲಿಲ್ಲ.

ನಾನು ಹೀಗೆ ಯೋಚಿಸುತ್ತಿದ್ದಾಗ ಹುಡುಗ ಪಕ್ಕದ ಇನ್ನೂ ಸಣ್ಣ ಕಿಂಡಿಯೊಂದರಲ್ಲಿ ತಲೆ ತೂರಿಸಿದ್ದ. ತಲೆ ಹೋಯಿತು, ಭುಜ ಸಿಕ್ಕಿಕೊಂಡಿತು. "ಹೊರಗೆ ತೆಗೆ, ಒಳಗೆ ಹಾವಿರುತ್ತದೆ" ಎಂದು ಅಜ್ಜ ಗದರಿದ. ಹಾವಿನ ಹೆಸರಿಗೆ ಭುಜ ತಾನಾಗಿ ಬಿಡಿಸಿಕೊಂಡಿತು.

"ಇಷ್ಟು ಭಾರದ ಕಲ್ಲನ್ನು ಮೇಲೆ ಹೇಗೆ ಹೊತ್ತರು ಮಾಮಾ?"

ಹೊತ್ತು ತಂದಿಲ್ಲ, ಇಲ್ಲೇ ತೆಗೆದದ್ದು. ಗ್ರಾನೈಟ್ ಬಿಸಿಲಿಗೆ ಚಳಿಗೆ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತದೆ. ಬಿರುಕಿಗೆ ಬೆಂಕಿ ಹಾಕಿ ಕಾಯಿಸಿ, ಬೆಣೆ ಹೊಡೆದು, ಆ ಪದರವನ್ನು ಎಬ್ಬಿಸಿದರೆ ಚಪ್ಪಡಿ ತಯಾರು. ಕಲ್ಲು ಎಬ್ಬಿಸಿದ ತಗ್ಗಿನಲ್ಲಿ ಮಳೆನೀರು ನಿಂತು ಕೆರೆಯಾಗಿದೆ. ಗುಡ್ಡದ ತುದಿಯಲ್ಲಿ ಕಮಲದೆಲೆ ತೇಲುವ ಕೆರೆ! ನಮ್ಮ ಮೂರು ಬಾಟಲಿಯೂ ಅಷ್ಟರಲ್ಲಿ ಖಾಲಿ. ಅಜ್ಜ ಮಾತ್ರ ಕೆರೆಗೆ ಇಳಿದು ಬೊಗಸೆಯಲ್ಲಿ ಕುಡಿದು ಬಂದ.

ಇಳಿಯುವ ಮೊದಲು ಅಜ್ಜ ನಗಾರಿ ತೋರಿಸಿದ. ಸುಮಾರು ಹತ್ತು ಮೀಟರ್ ಎತ್ತರದ ಒಂದು ಗುಂಡಿನ ನೆತ್ತಿಯ ಮೇಲೆ, ಮಗುಚಿಟ್ಟ ಕಡಾಯಿಯಂತೆ ಅರ್ಧಗೋಳದ ಕಲ್ಲು. ಅಡ್ಡಗಲ ಎರಡು ಮೀಟರ್. ಮರದ ಕೊಡತಿಯಿಂದ ಬಾರಿಸಿದರೆ ಒಂದು ಕಿಲೋಮೀಟರ್ ದೂರ ಕೇಳುತ್ತದಂತೆ. ಹತ್ತಲು ಬಿಡು ಎಂದು ಹುಡುಗ ಹಟ ಹಿಡಿದ, ನಾನು ಬಿಡಲಿಲ್ಲ. ಅಕ್ಕನಿಗೆ ಉತ್ತರ ಹೇಳಬೇಕಾದವನು ನಾನು. ಕೊನೆಗೆ ಅಜ್ಜನೇ ಬಾಯಲ್ಲಿ "ಢಣ್ಣ್" ಎಂದು ಬಾರಿಸಿ ಕೇಳಿಸಿದ.

ಎರಡನೆಯ ದಿನ: ಕೊಪ್ಪಳ

ರಾತ್ರಿ ಲಾಡ್ಜಿನಲ್ಲಿ ಹುಡುಗ ಒಂದು ಅನುಮಾನ ಎತ್ತಿದ್ದ. ಮೊರೇರು ಎಂದರೆ ಮೌರ್ಯರು ಇರಬಹುದೇ? ಹೆಸರಿನ ಸಾಮ್ಯದಿಂದ ಹಾಗೆಂದು ನಂಬಿದವರು ಬಹಳ ಮಂದಿ ಇದ್ದಾರೆ. ಪಾಲಿಯಲ್ಲಿ ಮೌರ್ಯರಿಗೆ ಮೋರಿಯರೆಂದೇ ಹೆಸರು. ತಮಾಷೆಯೆಂದರೆ, ಮೌರ್ಯ ದೊರೆ ಅಶೋಕನ ಕಲ್ಲಿನ ಕಾಗದವೇ, ಅಂದರೆ ಶಾಸನವೇ, ಪಕ್ಕದ ಕೊಪ್ಪಳದಲ್ಲಿದೆ. ಒಂದಲ್ಲ, ಎರಡು: ಗವಿಮಠದ ಗುಡ್ಡದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಒಂದು. ಎರಡೂ ಬೆಳಕಿಗೆ ಬಂದದ್ದು 1931ರಲ್ಲಿ. ಆದರೆ ಅಶೋಕ ಕ್ರಿ.ಪೂ. ಮೂರನೇ ಶತಮಾನದವನು, ಬೆಣಕಲ್ಲಿನ ಚಪ್ಪಡಿಗಳು ಏಳಲು ಶುರುವಾಗಿ ಆಗಲೇ ಕೆಲವು ಶತಮಾನ ಕಳೆದಿತ್ತು.

ಗವಿಮಠದ ಬಂಡೆಯ ಮುಂದೆ ನಿಂತು ಬ್ರಾಹ್ಮಿ ಅಕ್ಷರಗಳನ್ನು ನೋಡಿದೆವು. ಓದಲು ನಮ್ಮಿಬ್ಬರಿಗೂ ಬಾರದು. ಅರ್ಥ ಮಾತ್ರ ಗೊತ್ತಿತ್ತು: ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಶ್ರಮಪಟ್ಟರೆ ದೊಡ್ಡವನಿಗಷ್ಟೇ ಅಲ್ಲ, ಸಣ್ಣವನಿಗೂ ಸ್ವರ್ಗ ಸಿಗುತ್ತದೆ ಎಂದು ದೊರೆ ಹೇಳುತ್ತಾನೆ. ಸಣ್ಣವನು ಎಂದು ಅವನು ಹೇಳಿದ್ದು ಅಂತಸ್ತಿನ ಲೆಕ್ಕದಲ್ಲಿ.

"ಎತ್ತರದ ಲೆಕ್ಕದಲ್ಲೇ ಇರಬಹುದು. ಗುಡ್ಡದ ಮೇಲಿನ ಕುಳ್ಳರಿಗೆ ಬರೆದ ಕಾಗದ" ಎಂದ ಹುಡುಗ. ಇಂಥ ವಾದವನ್ನು ಖಂಡಿಸಲು ನನ್ನಲ್ಲಿ ಶಾಸನ ಸಾಕ್ಷ್ಯ ಇರಲಿಲ್ಲ.

ಪಾಲ್ಕಿಗುಂಡನ್ನು ಬಿಸಿಲೇರಿದ ಮೇಲೆ ಹತ್ತಿದ್ದು ಅವಿವೇಕ. ಅಲ್ಲಿನ ಅಕ್ಷರಗಳು ಬಹಳ ಸವೆದಿವೆ. ನೋಡಬೇಕಾದದ್ದು ಗುಂಡನ್ನೇ. ಛತ್ರಿ ಬಿಚ್ಚಿದಂತೆ ಚಪ್ಪಡಿ ಹೊತ್ತು ನಿಂತಿದೆ, ಮನುಷ್ಯನ ಕೈ ತಾಗದೆ ಆದ ಮೊರೇರ ಮನೆ. ಮೊದಲ ಕುಳ್ಳ ಪಾಠ ಕಲಿತದ್ದು ಇಂಥ ಗುಂಡಿನಿಂದಲೇ ಇರಬೇಕು. ಸಂಜೆ ಗದಗಿನಲ್ಲಿ ಬಸ್ ಬದಲಿಸಿ, ರಾತ್ರಿ ಬಾದಾಮಿ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ನಿದ್ದೆ.

ಮೂರನೆಯ ದಿನ: ಬಾದಾಮಿ

ಬೆಳಗ್ಗೆ ಗುಹೆಗಳ ಮೆಟ್ಟಿಲ ಬುಡದಲ್ಲೇ ಕೋತಿಯೊಂದು ನಮ್ಮ ಶೇಂಗಾ ಪೊಟ್ಟಣವನ್ನು ವಶಪಡಿಸಿಕೊಂಡಿತು. ತಿಂದು ಮುಗಿಸುವವರೆಗೂ ನಮ್ಮನ್ನೇ ನೋಡುತ್ತಿತ್ತು, ಇನ್ನೊಂದು ತೆಗೆ ಎಂಬಂತೆ.

ಮೊದಲ ಗುಹೆಗೆ ಬಂದವರು ಮಾಡುವುದು ಒಂದೇ: ಬಲಕ್ಕೆ ತಿರುಗಿ ಹದಿನೆಂಟು ಕೈಗಳ ನಟರಾಜನ ಮುಂದೆ ನಿಲ್ಲುವುದು, ಕೈ ಎಣಿಸುವುದು, ಫೋಟೊ. ಅದು ನೋಡಬೇಕಾದದ್ದೇ, ತಕರಾರಿಲ್ಲ. ನಾನು ಹುಡುಗನನ್ನು ಅಂಗಳಕ್ಕೆ ಕರೆದು ಕೆಳಗೆ ಕೂರಿಸಿದೆ. "ಜಗಲಿಯ ಕಟ್ಟೆ ನೋಡು."

ಕಟ್ಟೆಯ ಉದ್ದಕ್ಕೂ, ನಮ್ಮ ಸೊಂಟಕ್ಕಿಂತ ಕೆಳಗೆ, ಕುಳ್ಳರ ಸಾಲು. ಶಿವಗಣಗಳು. ಗುಡಾಣ ಹೊಟ್ಟೆ, ಗಿಡ್ಡ ಕಾಲು, ತಲೆಗೆ ಮೀರಿದ ಗುಂಗುರು ಕೂದಲು. ಒಬ್ಬ ಮದ್ದಳೆ ಬಡಿಯುತ್ತಾನೆ, ಒಬ್ಬ ಕೊಳಲು, ಒಬ್ಬ ಕುಣಿಯುತ್ತ ಪಕ್ಕದವನ ಮೈಮೇಲೆ ಬೀಳುತ್ತಿದ್ದಾನೆ. ಕೆಲವರಿಗೆ ಪ್ರಾಣಿಯ ಮುಖ. ಒಬ್ಬನ ಹೊಟ್ಟೆಯಂತೂ, ಶತಮಾನಗಳಿಂದ ಯಾರ್ಯಾರೋ ಸವರಿದ್ದಕ್ಕೋ ಏನೋ, ಎಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು. ಅವರ ತಲೆಯ ಮೇಲೆ ಜಗಲಿ, ಜಗಲಿಯ ಮೇಲೆ ಕಂಬ, ಕಂಬದ ಮೇಲೆ ಇಡೀ ಬೆಟ್ಟ. ಅಷ್ಟು ಭಾರ ಹೊತ್ತವರ ಮುಖದಲ್ಲಿ ಆಯಾಸದ ಒಂದು ಗೆರೆಯೂ ಇಲ್ಲ. ಮದುವೆ ಮನೆಯ ಹಿತ್ತಿಲಿನಲ್ಲಿ ಸೇರಿದ ಅಡುಗೆಯವರ ಹಾಗೆ ನಗೆ, ಕೀಟಲೆ, ಗದ್ದಲ.

ಉತ್ತರ ಯೂರೋಪಿನ ಹಳೆಯ ಪುರಾಣಗಳಲ್ಲಿ ಆಕಾಶವನ್ನು ನಾಲ್ಕು ಮೂಲೆಯಲ್ಲಿ ಹೊತ್ತು ನಿಂತವರು ನಾಲ್ವರು ಕುಳ್ಳರು. ಅವರ ಹೆಸರುಗಳೇ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ನಮ್ಮ ಹುಡುಗನ ಆಟಕ್ಕೆ ಕುಳ್ಳರು ಬಂದದ್ದು ಆ ವಂಶದಿಂದಲೇ, ಗಡ್ಡ ಸುತ್ತಿಗೆಗಳ ಸಮೇತ. ಇದನ್ನು ಹೇಳಿದೆ.

"ಅವರು ನಗುತ್ತಾರಾ?"

"ಗೊತ್ತಿಲ್ಲ. ಇವರಂತೂ ನಗುತ್ತಿದ್ದಾರೆ."

ಅವನು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಬಿಡಿಸತೊಡಗಿದ. ಕಾವಲುಗಾರರು ಬಂದು ನೋಡಿದರು, ಏನಾದರೂ ಹೇಳುತ್ತಾರೆಂದು ಎದ್ದು ನಿಂತೆ. ಅವರು ಬಗ್ಗಿ ಚಿತ್ರ ನೋಡಿ, "ಮೂರನೆಯ ಗುಹೆಯಲ್ಲಿ ಇಬ್ಬಿಬ್ಬರು ಇದ್ದಾರೆ, ಅಲ್ಲಿಗೂ ಕರೆದುಕೊಂಡು ಹೋಗಿ ಸರ್" ಎಂದರು.

ಎರಡನೆಯ ಗುಹೆಯಲ್ಲಿ ಬೇರೊಬ್ಬ ಕುಳ್ಳ. ತ್ರಿವಿಕ್ರಮನ ಚಾಚಿದ ಕಾಲಿನ ಕೆಳಗೆ, ಕೊಡೆ ಹಿಡಿದು ಬಲಿಯ ಮುಂದೆ ನಿಂತ ವಾಮನ. ಒಂದೇ ಚಪ್ಪಡಿಯಲ್ಲಿ ಮೊಣಕಾಲೆತ್ತರದ ವಟುವೂ ಇದ್ದಾನೆ, ಆಕಾಶಕ್ಕೆ ಕಾಲೆತ್ತಿದವನೂ ಇದ್ದಾನೆ. ಹುಡುಗ ಇಲ್ಲಿ ಬಹಳ ಹೊತ್ತು ನಿಲ್ಲಲಿಲ್ಲ. "ಇವನು ಮೋಸದ ಕುಳ್ಳ, ಆಮೇಲೆ ದೊಡ್ಡವನಾಗುತ್ತಾನೆ" ಎಂಬುದು ಅವನ ಆಕ್ಷೇಪ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಶಕವರ್ಷ 500, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯಂದು ಚಾಲುಕ್ಯ ಅರಸುಮನೆತನದ ಮಂಗಲೇಶ ಇಲ್ಲಿ ವಿಷ್ಣುವನ್ನು ಪ್ರತಿಷ್ಠಾಪಿಸಿದ ಎಂದು ಸಂಸ್ಕೃತ ಶಾಸನ ಹೇಳುತ್ತದೆ. ಕಟ್ಟೆಯ ಅಂಕಣಗಳಲ್ಲಿ, ಕಾವಲುಗಾರರು ಹೇಳಿದಂತೆ, ಕುಳ್ಳರು ಜೋಡಿ ಜೋಡಿಯಾಗಿದ್ದಾರೆ. ಒಂದೇ ಒಂದು ಜೋಡಿ ಇನ್ನೊಂದರ ಹಾಗಿಲ್ಲ. ಮೇಲೆ ಅಷ್ಟು ಗಂಭೀರವಾದ ಅನಂತಾಸನ, ವರಾಹ, ನರಸಿಂಹ. ಕೆಳಗೆ ಶಿಲ್ಪಿಗೆ ಯಾರೂ ಲಕ್ಷಣಶಾಸ್ತ್ರ ಕೇಳದ ಜಾಗ, ಮನಸ್ಸಿಗೆ ಬಂದಂತೆ ಕಡೆದಿದ್ದಾನೆ. ನನಗೆ ಕೇಳಿದರೆ ಬಾದಾಮಿಯ ಜೀವ ಇರುವುದು ಈ ಎರಡಡಿ ಪಟ್ಟಿಯಲ್ಲಿ.

ಆದರೆ ನಾನು ಇಲ್ಲಿಗೆ ಬಂದದ್ದು ಒಂದು ಪದಕ್ಕಾಗಿ. ಇದೇ ಗುಹೆಯಲ್ಲಿ ಮಂಗಲೇಶನ ಒಂದು ಪುಟ್ಟ ಕನ್ನಡ ಶಾಸನವೂ ಇದೆ, ಲಂಜಿಗೇಸರ ಎಂಬ ಊರನ್ನು ದತ್ತಿ ಬಿಟ್ಟದ್ದು. ಅದರಲ್ಲಿ ಈ ಗುಹೆಯನ್ನು ಕರೆದಿರುವುದು 'ಕಲ್ಮನೆ' ಎಂದು. ಕಲ್ಲಿನ ಮನೆ. ಸಂಸ್ಕೃತದಲ್ಲಿ ಮಹಾವಿಷ್ಣುಗೃಹ, ಕನ್ನಡಕ್ಕೆ ಬಂದಾಗ ಕಲ್ಮನೆ. ಬೆಣಕಲ್ಲಿನ ಅಜ್ಜ ಕಿಂಡಿಯ ಮುಂದೆ ಕುಳಿತು ಆಡಿದ್ದೂ ಅದೇ ಮಾತು. ಹುಡುಗನಿಗೆ ಹೇಳಿದೆ. "ಮಂಗಲೇಶ ಏನು ಕುಳ್ಳನೇ?" ಎಂದು ಕೇಳಿದ.

ಮಧ್ಯಾಹ್ನದ ಮೇಲೆ ಅಗಸ್ತ್ಯತೀರ್ಥದ ಮೆಟ್ಟಿಲಲ್ಲಿ ಕುಳಿತೆವು. ಬಟ್ಟೆ ಒಗೆಯುವ ಸದ್ದು ಎದುರಿನ ಕೆಂಪು ಬಂಡೆಗೆ ಬಡಿದು ತಡವಾಗಿ ಹಿಂತಿರುಗುತ್ತಿತ್ತು. ನಾಲ್ಕನೆಯ ಗುಹೆಯ ಜಿನರು, ಭೂತನಾಥ, ಮ್ಯೂಸಿಯಂ ಎಲ್ಲವನ್ನೂ ನೋಡಿದೆವು. ಅವುಗಳ ಬಗ್ಗೆ ಬರೆಯಹೊರಟರೆ ಬೇರೆಯೇ ಪ್ರವಾಸವಾಗುತ್ತದೆ.

ನಾಲ್ಕನೆಯ ದಿನ: ಐಹೊಳೆ

ಪಟ್ಟದಕಲ್ಲನ್ನು ಬಸ್ಸಿನ ಕಿಟಕಿಯಿಂದಷ್ಟೇ ನೋಡಿದೆ. ಪಾಪ ಎನ್ನಿ, ಸಮಯವಿರಲಿಲ್ಲ.

ಐಹೊಳೆಯಲ್ಲಿ ಮೊದಲು ರಾವಣಫಡಿ. ಗುಹೆಯ ಹೊರಗೆ ಎರಡೂ ಬದಿಯ ಗೂಡುಗಳಲ್ಲಿ ದಪ್ಪ ಹೊಟ್ಟೆಯ ಇಬ್ಬರು ಕುಳ್ಳರು ಆರಾಮವಾಗಿ ಕುಳಿತಿದ್ದಾರೆ: ಶಂಖನಿಧಿ, ಪದ್ಮನಿಧಿ. ಕುಬೇರನ ನಿಧಿಗಳೇ ಮನುಷ್ಯರೂಪ ತಾಳಿದವರು. ಬೆಟ್ಟದೊಳಗೆ ಚಿನ್ನ ಕಾಯುವ ಕುಳ್ಳರು ಬೇಕೆಂದು ಹುಡುಗ ಮೊದಲಿನಿಂದ ಹೇಳುತ್ತಿದ್ದ. ಇಲ್ಲಿ ಸಿಕ್ಕರು. ಕೊಡಲಿ ಇಲ್ಲ, ಗಡ್ಡ ಇಲ್ಲ, ಸಂತೆ ಮುಗಿಸಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಸಾಹುಕಾರರ ಗತ್ತು.

ಮೇಗುತಿ ಗುಡ್ಡವನ್ನು ಮೂರು ಗಂಟೆಯ ಹೊತ್ತಿಗೆ ಹತ್ತಿದೆವು. ಮೇಲೆ, ಕೋಟೆಗೋಡೆಯ ನಡುವೆ, ಪೂರ್ತಿಯಾಗದೆ ಉಳಿದ ಜೈನ ದೇವಾಲಯ. ಗೋಡೆಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನ. ಎರಡನೆಯ ಪುಲಕೇಶಿಯನ್ನು ಹೊಗಳಿ ಮುಗಿಸುವಾಗ ಕವಿ ತನ್ನನ್ನೂ ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. ಕಲ್ಲಿನ ಮೇಲೆ ಬರೆಯುವವನಿಗೆ ಅಷ್ಟು ಧೈರ್ಯ ಇರಲೇಬೇಕು. ಬಂದವರೆಲ್ಲ ಆ ಶಾಸನ ನೋಡಿ, ಅಂಚಿಗೆ ಹೋಗಿ ಊರಿನ ನೋಟ ನೋಡಿ ಇಳಿದರು.

ನಾವು ಗುಡಿಯ ಹಿಂದಕ್ಕೆ ನಡೆದೆವು. ಹುಲ್ಲು ಮೊಣಕಾಲಿನವರೆಗೆ. ಮುಂದೆ ಓಡಿದ ಹುಡುಗ ತಟ್ಟನೆ ನಿಂತು, "ಮಾಮಾ, ಇಲ್ಲೂ ಇದ್ದಾರೆ!" ಎಂದು ಕೂಗಿದ.

ಮೂರು ಕಡೆ ನಿಲ್ಲಿಸಿದ ಚಪ್ಪಡಿ, ಮೇಲೊಂದು ಹಾಸು, ಮುಂದಿನ ಕಲ್ಲಿಗೆ ದುಂಡನೆಯ ಕಿಂಡಿ. ಬೆಣಕಲ್ಲಿನಲ್ಲಿ ನೋಡಿದ್ದೇ, ಕಲ್ಲು ಮಾತ್ರ ಬೇರೆ. ಅಲ್ಲಿ ಬೂದು ಗ್ರಾನೈಟ್, ಇಲ್ಲಿ ಕೆಂಪು ಮರಳುಗಲ್ಲು. ಈ ಗುಡ್ಡದಲ್ಲಿ ಇಂಥವು ಸುಮಾರು 45 ಇವೆ. ಊರಿನವರು ಕರೆಯುವುದೂ ಮೊರೇರ ಮನೆ ಎಂದೇ. ಅಷ್ಟು ದೂರದ ಎರಡು ಗುಡ್ಡಗಳ ಜನ ಒಂದೇ ಹೆಸರಿಟ್ಟಿದ್ದಾರೆ. ಕಲ್ಲನ್ನು ಎಬ್ಬಿಸಿ ನಿಲ್ಲಿಸುವುದು, ಅದರ ಮೇಲೆ ಕಲ್ಲು ಹಾಸುವುದು ಈ ಗುಡ್ಡದಲ್ಲಿ ಚಾಲುಕ್ಯರು ಬರುವುದಕ್ಕೆ ಎಷ್ಟೋ ಮೊದಲೇ ನಡೆದಿತ್ತು. ಅವರು ಬಂದು ಅದೇ ಕಲ್ಲಿನಲ್ಲಿ ಗುಡಿ ಕಟ್ಟಿದರು. ಹಳೆಯದನ್ನು ಕಿತ್ತು ಗುಡಿಯ ಕಟ್ಟೆಗೆ ಹಾಕಿಕೊಳ್ಳಬಹುದಿತ್ತು. ಇಷ್ಟನ್ನಂತೂ ಹಾಗೇ ಬಿಟ್ಟಿದ್ದಾರೆ.

ನಾನು ಒಂದು ಚಪ್ಪಡಿಗೆ ಒರಗಿ ಕುಳಿತು ಬೂಟಿನ ಹಗ್ಗ ಬಿಗಿ ಮಾಡಿಕೊಂಡೆ. ಹುಡುಗ ಪಕ್ಕದಲ್ಲಿ ಪುಸ್ತಕ ತೆರೆದು ಮಹಾದೇವಾಲಯದ ಪುಟ ತೆಗೆದ. ರಬ್ಬರ್ ತೆಗೆದುಕೊಂಡು ನೂರಡಿಯ ಬಾಗಿಲನ್ನು ಉಜ್ಜತೊಡಗಿದ. ದೀಪಾವಳಿಗೆ ಅಷ್ಟು ಒತ್ತಿ ಬರೆದಿದ್ದ, ಬೇಗ ಹೋಗಲಿಲ್ಲ. ಕಾಗದ ಒಂದು ಕಡೆ ಹರಿದೇ ಹೋಯಿತು. ಬಾಗಿಲಿದ್ದ ಜಾಗದಲ್ಲಿ ಒಂದು ದುಂಡು ಕಿಂಡಿ ಬಂತು. ಅದರ ಕೆಳಗೆ, ಕಂಬಗಳ ಬುಡಕ್ಕೆಲ್ಲ, ಡೊಳ್ಳುಹೊಟ್ಟೆಯವರ ಸಾಲು.

"ಕಿಂಡಿ ಎಷ್ಟು ದೊಡ್ಡದು?" ಎಂದು ಕೇಳಿದೆ.

"ತಲೆ ಹೋಗಬೇಕು, ಭುಜ ಹೋಗಬಾರದು."

"ಮತ್ತೆ ನಿನ್ನ ಗೆಳೆಯರು ಆಟದಲ್ಲಿ ಒಳಗೆ ಹೋಗುವುದು ಹೇಗೆ?"

"ಅದು ಅವರ ಪಾಡು."

ಕೆಳಗೆ ಬಸ್ ಹಾರನ್ ಹೊಡೆಯಿತು. ಬಾಗಲಕೋಟೆಗೆ ಅದೇ ಕೊನೆಯ ನೇರ ಬಸ್ ಎಂದು ಬೆಳಗ್ಗೆ ಯಾರೋ ಹೇಳಿದ್ದರು. ಮೆಟ್ಟಿಲು ಹಾರಿ ಹಾರಿ ಇಳಿದೆವು, ಹಗ್ಗ ಕಟ್ಟಿದ ಬೂಟು ಹೇಗೋ ತಡೆಯಿತು. ಸೀಟಿನಲ್ಲಿ ಕುಳಿತು ಉಸಿರು ತಿರುಗಿದ ಮೇಲೆ ಹುಡುಗ ಜೇಬುಗಳನ್ನೆಲ್ಲ ತಡಕಾಡಿದ. ರಬ್ಬರ್ ಮೊರೇರ ಮನೆಯ ಸೂರಿನ ಮೇಲೆಯೇ ಉಳಿದಿತ್ತು.